ಎಣ್ಣೆ ಗಟ್ಟಿಯಾದ ಮನೆಗೆ ಕಂಬಳಿ

ನನ್ನ ಹೆಂಡತಿಯ ಮೇಲೆ ನನಗೆ ಅನುಮಾನ ಹುಟ್ಟಿದ್ದು ಒಂದು ಕೊಬ್ಬರಿ ಎಣ್ಣೆ ಬಾಟಲಿಯಿಂದ. ಬೇರೆ ಗಂಡಂದಿರಿಗೆ ಅನುಮಾನ ಪಡಲು ಫೋನು, ಬೀರುವಿನ ಬೀಗ, ತವರಿಗೆ ಹೋಗುವ ಚೀಲ ಮುಂತಾದ ಮರ್ಯಾದಸ್ಥ ಕಾರಣಗಳಿರುತ್ತವೆ. ನನ್ನ ಹಣೆಯಲ್ಲಿ ಬರೆದದ್ದು ಬಚ್ಚಲುಮನೆಯ ಕಿಟಕಿಯಲ್ಲಿದ್ದ ಅರ್ಧ ಲೀಟರಿನ ಬಾಟಲಿ.

ನವೆಂಬರ್ ಕೊನೆಯ ವಾರ. ಸೋಮವಾರ ಬೆಳಿಗ್ಗೆ ಎದ್ದವನೇ ಹಲ್ಲು ಕೂಡ ಉಜ್ಜದೆ ಆ ಬಾಟಲಿಯನ್ನು ಮುಟ್ಟಿದೆ. ಒದ್ದೆಯಾಗಿತ್ತು. ಎಣ್ಣೆಯ ಬಾಟಲಿ ಎಣ್ಣೆಯಿಂದ ಜಿಡ್ಡಾಗಿದ್ದರೆ ನಾನು ಚಕಾರ ಎತ್ತುತ್ತಿರಲಿಲ್ಲ. ಇದರ ಮೈಮೇಲೆ ನೀರಿನ ಹನಿಗಳು ಸಾಲಾಗಿ ನಿಂತಿದ್ದವು. ಮೇಲಾಗಿ ನಾನು ಹಿಂದಿನ ದಿನ ಇಟ್ಟಿದ್ದ ಜಾಗಕ್ಕಿಂತ ಬಾಟಲಿ ಎರಡು ಬೆರಳು ಎಡಕ್ಕೆ ಸರಿದಿತ್ತು.

ಎರಡು ಬೆರಳು ಅಂತ ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ನೀವು ಕೇಳಬಹುದು. ನಾನು, ಗುಡ್ಡಪ್ಪ, ಶಿಕಾರಿಪುರದ ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತವನು. ಪಹಣಿ, ಖಾತೆ, ಪೋಡಿ ನಕ್ಷೆಗಳ ನಡುವೆಯೇ ನನ್ನ ಕೂದಲು ಉದುರಿದ್ದು. ನನ್ನ ಮುಂದೆ ಬರುವ ಕಾಗದಗಳಲ್ಲಿ ಒಬ್ಬನೇ ಮುತ್ತಾತ ಎರಡು ಬೇರೆ ಬೇರೆ ಇಸವಿಯಲ್ಲಿ ಸತ್ತಿರುತ್ತಾನೆ. ಹಾಗಾಗಿ ಯಾವುದನ್ನೂ ನೋಡಿದ ಕೂಡಲೇ ನಂಬುವ ಚಟ ನನಗಿಲ್ಲ. ಬಾಟಲಿ ಇಟ್ಟ ದಿನವೇ ಅದರ ಚಕ್ಕುಬಂದಿ ಬರೆದಿಟ್ಟಿದ್ದೆ: ಪೂರ್ವಕ್ಕೆ ಸೋಪಿನ ಡಬ್ಬಿ, ಪಶ್ಚಿಮಕ್ಕೆ ಹಲ್ಲುಜ್ಜುವ ಪೇಸ್ಟು, ಉತ್ತರಕ್ಕೆ ಕಿಟಕಿಯ ಸರಳು, ದಕ್ಷಿಣಕ್ಕೆ ಮಾನಸಳ ಶಾಂಪೂ. (ಮಾನಸ ನನ್ನ ಮಗಳು, ಇಲ್ಲೇ ಕಾಲೇಜಿನಲ್ಲಿ ಬಿ.ಎ. ಓದುತ್ತಾಳೆ. ಅಪ್ಪನಿಗೆ ತಲೆ ಕೆಟ್ಟಿದೆ ಎಂಬುದು ಅವಳ ಸ್ವತಂತ್ರ ಸಂಶೋಧನೆ.)

ಒಂದು ಬಾಟಲಿ ಎಣ್ಣೆಗೆ ಇಷ್ಟು ಬಂದೋಬಸ್ತು ಯಾಕೆ ಅಂದರೆ, ಅದರ ಹಿಂದೆ ಒಂದು ಕಂಬಳಿ ಇದೆ.

ನಮ್ಮದು ಕುರಿ ಸಾಕುವ ಮನೆತನ. ಅಪ್ಪ ಬಂದಳಿಕೆಯ ಕಡೆಯ ಹಳ್ಳಿಯಲ್ಲಿ ಕುರಿ ಮೇಯಿಸಿಕೊಂಡು, ನಾಲ್ಕೆಕರೆ ಉತ್ತುಕೊಂಡು ಬದುಕಿದವನು. ಅವನು ತೀರಿಕೊಂಡಾಗ ಜಮೀನು, ಕುರಿ, ಪಾತ್ರೆ, ಕೊನೆಗೆ ಹಾರೆ ಗುದ್ದಲಿ ಕೂಡ ನನಗೂ ನನ್ನ ಅಕ್ಕ ಈಶ್ವರಮ್ಮನಿಗೂ ತಕರಾರಿಲ್ಲದೆ ಹಂಚಿಕೆಯಾದವು. ಉಳಿದದ್ದು ಒಂದು ಕಂಬಳಿ. ನಮ್ಮದೇ ಕುರಿಗಳ ಕರಿ ಉಣ್ಣೆ, ಅವ್ವ ಕೂತು ನೂತ ನೂಲು, ಹುಣಸೆಬೀಜದ ಗಂಜಿ ಕುಡಿದ ಹಾಸು. ಮಳೆಗೆ ಅದೇ ಕೊಪ್ಪೆ, ಮಲಗಲು ಅದೇ ಹಾಸಿಗೆ, ದೇವರ ಕಾರ್ಯಕ್ಕೆ ಅದೇ ಗದ್ದುಗೆ. ಅದನ್ನು ಹೊದ್ದುಕೊಂಡರೆ ಕುರಿ, ಒಲೆಯ ಹೊಗೆ, ಬೀಡಿ, ಎಲ್ಲದರ ವಾಸನೆ ಒಟ್ಟಿಗೇ ಬಂದು, ಅಪ್ಪ ಪಕ್ಕದಲ್ಲೇ ಕೂತು "ಎದ್ದೇಳಲೇ, ಬೆಳಕಾತು" ಅಂತ ಗದರಿಸಿದ ಹಾಗಾಗುತ್ತದೆ. ಆ ಗದರಿಕೆ ನನಗೆ ಬೇಕಾಗಿತ್ತು. ಅಕ್ಕನಿಗೂ ಬೇಕಾಗಿತ್ತು.

ಅಪ್ಪನ ಹನ್ನೊಂದನೇ ದಿನದ ಊಟ ಮುಗಿದ ಮೇಲೆ ಕಂಬಳಿಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಅಕ್ಕನ ಕೈಯಲ್ಲಿ. ನಾನು "ಗಂಡುಮಗ" ಅಂದೆ. ಅವಳು "ಹಿರಿಮಗಳು" ಅಂದಳು. ಆಗ ನ್ಯಾಯ ಹೇಳಿದ್ದು ತೊಗರ್ಸಿಯ ಮಾಳೇಶಪ್ಪ ಚಿಕ್ಕಪ್ಪ. ಅಪ್ಪನ ತಮ್ಮ, ಎಂಬತ್ತರ ಹತ್ತಿರದ ಆಸಾಮಿ, ತೀರ್ಪು ಕೊಡುವ ಮೊದಲು ಎಲೆಯಡಿಕೆ ಪೂರ್ತಿ ಅಗಿದು ಮುಗಿಸುವಷ್ಟು ನಿಧಾನಸ್ಥ.

"ಕಂಬಳಿ ಕತ್ತರಿಸಿದ್ರ ಇಬ್ರಿಗೂ ಕಾಲು ಮುಚ್ಚಂಗಿಲ್ಲ. ಕಂಬಳಿ ಇರೋದು ಚಳಿಗೆ. ಯಾರ ಮನ್ಯಾಗ ಮೊದ್ಲು ಚಳಿ ಬೀಳ್ತತೋ, ಆ ವರ್ಷ ಅವರು ಹೊದ್ದುಕೊಳ್ಳಲಿ. ಯುಗಾದಿಗೆ ತಂದು ನನ್ನ ಮನ್ಯಾಗ ಇಡ್ರಿ."

"ಚಳಿ ಬಿತ್ತು ಅಂತ ಗೊತ್ತಾಗೋದು ಹೆಂಗ, ಚಿಕ್ಕಪ್ಪ?" ಅಂದೆ.

"ಕೊಬ್ರಿ ಎಣ್ಣೆ. ಬಾಟ್ಲಿ ತಲೆಕೆಳಗ ಮಾಡು. ಎಣ್ಣೆ ಕೆಳಗ ಇಳೀಲಿಲ್ಲ ಅಂದ್ರ ಚಳಿ ಬಂದತಿ ಅಂತ."

ಎಲ್ಲರೂ ತಲೆದೂಗಿದರು. ನಾನಂತೂ ಅಲ್ಲೇ ಒಂದು ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ರುಜು ಹಾಕಿಸಿ, ಮೂರು ಪ್ರತಿ ಮಾಡಿ ಹಂಚಿದೆ. ರುಜು ಹಾಕುವ ಅವಸರದಲ್ಲಿ ಭೂಗೋಳ ಮರೆತುಬಿಟ್ಟಿದ್ದೆ. ನಾನಿರುವುದು ಶಿಕಾರಿಪುರದಲ್ಲಿ, ಬಯಲಿನ ಬಿಸಿಲಿಗೆ ಮುಖ ಮಾಡಿ. ಅಕ್ಕನಿರುವುದು ಸೊರಬದಲ್ಲಿ. ಚಳಿ ಮೊದಲು ಸೊರಬಕ್ಕೆ ಬರುತ್ತದೆ, ಅಲ್ಲಿ ತಿಂಡಿ ಕಾಫಿ ಮುಗಿಸುತ್ತದೆ, ಆಮೇಲೆ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಪುರಸೊತ್ತಾಗಿ ಶಿಕಾರಿಪುರಕ್ಕೆ ಬರುತ್ತದೆ. ಐದು ವರ್ಷ ಆಯಿತು. ಐದು ಸಲವೂ ಅಕ್ಕನದೇ ಎಣ್ಣೆ ಮೊದಲು ಗಟ್ಟಿ. ಎರಡನೇ ವರ್ಷ ಅವಳಾಗಿಯೇ "ಈ ಸಲ ನೀನೇ ಇಟ್ಕಳ ತಮ್ಮಾ" ಅಂದಿದ್ದಳು. ನಾನು ಎದೆ ಸೆಟೆಸಿ "ಭಿಕ್ಷೆ ಬ್ಯಾಡ ಅಕ್ಕ, ಗೆದ್ದು ತಗಂತೀನಿ" ಅಂದುಬಿಟ್ಟೆ. ಆ ಚಳಿಗಾಲ ಪೂರ್ತಿ ತೆಳು ಚಾದರ ಹೊದ್ದು ಮಲಗಿದಾಗ ಒಂದು ವಿಷಯ ಮನದಟ್ಟಾಯಿತು: ಸ್ವಾಭಿಮಾನ ಒಳ್ಳೆಯದೇ, ಆದರೆ ಅದು ಬೆಚ್ಚಗಿರುವುದಿಲ್ಲ.

ಇಲ್ಲಿ ಇನ್ನೊಂದು ಗೃಹರಹಸ್ಯ ಹೇಳಬೇಕು. ಅಕ್ಕನ ಗಂಡ ರಂಗಪ್ಪ ಭಾವ ಇದ್ದಾರಲ್ಲ, ಅವರು ನನ್ನ ಹೆಂಡತಿ ಯಮುನಮ್ಮನ ಒಡಹುಟ್ಟಿದ ಅಣ್ಣ. ನಮ್ಮದು ಕೊಟ್ಟು ತಂದ ಸಂಬಂಧ. ಅಂದರೆ ವೈರಿ ಪಾಳೆಯದ ಹೆಣ್ಣುಮಗಳೇ ನನ್ನ ಮನೆಯಲ್ಲಿ ಅಡುಗೆ ಮಾಡಿ, ನನ್ನ ಬಚ್ಚಲುಮನೆ ತೊಳೆದು, ನನ್ನ ಎಣ್ಣೆ ಬಾಟಲಿಯ ಮೇಲೆ ದಿನಕ್ಕೆ ಹತ್ತು ಸಲ ಕಣ್ಣು ಹಾಯಿಸುತ್ತಾಳೆ.

ಈ ವರ್ಷ ನಾನು ಮೈಯೆಲ್ಲ ಕಣ್ಣಾಗಿದ್ದೆ. ಶುಕ್ರವಾರದಿಂದ ಚಳಿ ಬೀಳುತ್ತದೆ ಅಂತ ಫೋನಿನಲ್ಲಿ ಬಂದಿತ್ತು. ನಮ್ಮೂರಿನಲ್ಲಿ ಚಳಿ ಅಂದರೆ ದೂರದ ನೆಂಟ. ಅಪರೂಪಕ್ಕೆ ಬರುತ್ತಾನೆ, ಬರುವ ಮೊದಲೇ ಸುದ್ದಿ ಜಾಸ್ತಿ. ಬಸ್ ಸ್ಟ್ಯಾಂಡಿನ ಹತ್ತಿರ ಮಂಕಿ ಟೋಪಿಗಳು ನೇತಾಡತೊಡಗಿದ್ದವು. ನಮ್ಮ ಕಚೇರಿಯ ಲೋಕೇಶ ಫ್ಯಾನಿನ ಕೆಳಗೇ ಸ್ವೆಟರ್ ಹಾಕಿಕೊಂಡು ಬೆವರುತ್ತ ಕೂತಿದ್ದ. "ಬರೋದು ಬರ್ಲಿ ಅಂತ ಮೊದ್ಲೇ ರೂಢಿ ಮಾಡ್ಕಳ್ತಾ ಇದೀನಿ ಸಾರ್" ಅಂದ. ನಾನು ಸಂತೆಯಲ್ಲಿ ಎಣ್ಣೆ ಮಾರುವವನ ಹತ್ತಿರ ಹೋಗಿ, ಗಾಣದ್ದೇ, ಅಪ್ಪಟವೇ, ಬೇಗ ಗಟ್ಟಿಯಾಗುವಂಥದ್ದೇ ಬೇಕು ಅಂತ ಕೇಳಿ ತಂದಿದ್ದೆ. ಅವನು ತಾಯಾಣೆ ಇಟ್ಟು ಕೊಟ್ಟಿದ್ದ.

ಅಂಥ ಬಾಟಲಿ ಸೋಮವಾರ ಒದ್ದೆ. ನಾನು ಅಡುಗೆಮನೆಗೆ ಹೋದೆ. ಯಮುನಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಬಾಟ್ಲಿ ಯಾಕ ಒದ್ದಿ ಆಗೈತಿ?"

"ಯಾವ ಬಾಟ್ಲಿ?"

"ನಿನಗ ಗೊತ್ತಿಲ್ಲೇನು ಯಾವ ಬಾಟ್ಲಿ ಅಂತ?"

"ಬಚ್ಚಲಮನೇಲಿ ಇಟ್ಟಿದ್ದು ಒದ್ದೆ ಆಗದೆ ಇನ್ನೆಂತ ಆಗ್ತದೆ ರೀ? ನೀವು ಸ್ನಾನ ಮಾಡೋದು ಸಿಂಹ ಮೈ ಕೊಡವಿದ ಹಂಗೆ. ಗೋಡೆಗೆಲ್ಲ ನೀರು."

"ನಾನು ಇವತ್ತು ಇನ್ನೂ ಸ್ನಾನಾನೇ ಮಾಡಿಲ್ಲ!"

"ಹಂಗಾದ್ರೆ ಮೊದ್ಲು ಅದನ್ನ ಮಾಡಿ" ಅಂದಳು, ರೊಟ್ಟಿಯಿಂದ ಕಣ್ಣು ಎತ್ತದೆ.

ನೋಡಿದಿರಾ? ಪ್ರಶ್ನೆಗೆ ಉತ್ತರವಿಲ್ಲ, ಉಲ್ಟಾ ಆಜ್ಞೆ. ತಪ್ಪಿತಸ್ಥರ ಮೊದಲ ಲಕ್ಷಣವೇ ಇದು.

ಮಂಗಳವಾರ ಎರಡನೇ ಸಾಕ್ಷ್ಯ ಸಿಕ್ಕಿತು. ನಾನು ಕಚೇರಿಯಿಂದ ಬಂದಾಗ ಯಮುನಮ್ಮ ಹಿತ್ತಲಲ್ಲಿ ಫೋನಿಗೆ ಸೆರಗು ಮುಚ್ಚಿ ಮಾತಾಡುತ್ತಿದ್ದಳು. ನಾನು ಬಟ್ಟೆ ಒಣಹಾಕುವ ತಂತಿಯ ಹಿಂದೆ, ಮಾನಸಳ ವೇಲಿನ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. "ಹೌದು ಅತ್ತಿಗೆ, ನಾನೇ ನೋಡಿದೆ... ಆಗೋದೇ ಇಲ್ಲ, ಖಂಡಿತ ಆಗಲ್ಲ... ಅವರಿಗೆ ಒಂಚೂರೂ ಗೊತ್ತಾಗಬಾರ್ದು..." ಅತ್ತಿಗೆ ಅಂದರೆ ನನ್ನ ಅಕ್ಕ! "ಅವರು" ಅಂದರೆ ನಾನು! "ಆಗೋದೇ ಇಲ್ಲ" ಅಂದರೆ ನನ್ನ ಎಣ್ಣೆ! ಅಷ್ಟರಲ್ಲಿ ವೇಲು ಗಾಳಿಗೆ ಹಾರಿ ನನ್ನ ಕಾಲು ಕಂಡಿರಬೇಕು. ಯಮುನಮ್ಮ ಥಟ್ಟನೆ ದನಿ ಬದಲಿಸಿ, "ಹೂಂ ಅತ್ತಿಗೆ, ಹಾಗಲಕಾಯಿಗೆ ಬೆಲ್ಲ ಹಾಕಿದ್ರೆ ಕಹಿ ಹೋಗ್ತದೆ" ಅಂದಳು.

ನನ್ನ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಈ ಮನೆಯಲ್ಲಿ ಹಾಗಲಕಾಯಿ ಮಾಡಿದ್ದೇ ಇಲ್ಲ.

ನಾನು ಮಾನಸಳನ್ನು ಕರೆದು ಗುಟ್ಟಾಗಿ ಕೇಳಿದೆ. "ನಿನ್ನವ್ವ ಬಾಟ್ಲಿ ಮುಟ್ಟಿದ್ದು ನೋಡಿದೀಯೇನು?"

"ಅಪ್ಪಾ, ಒಂದು ಕಂಬಳಿ ಆನ್‌ಲೈನಲ್ಲಿ ತರಿಸ್ಲಾ? ನಾಳಿದ್ದು ಮನೆಗೇ ಬರುತ್ತೆ" ಅಂದಳು. ಮೂಗು ಇಲ್ಲದ ತಲೆಮಾರು. ವಾಸನೆಯ ಬೆಲೆ ಇವರಿಗೆಲ್ಲಿ ಗೊತ್ತು?

ಅಂದೇ ಒಂದು ನಿರ್ಧಾರಕ್ಕೆ ಬಂದೆ. ಯಮುನಮ್ಮ ನನ್ನ ಎಣ್ಣೆಗೆ ಏನೋ ಮಾಡಿದ್ದಾಳೆ. ಮಾಡಿಸಿದವಳು ಅಕ್ಕ. ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರಬೇಕು. ಅಕ್ಕನ ಎಣ್ಣೆ ಗಟ್ಟಿಯಾಗದ ಹಾಗೆ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಗಟ್ಟಿಯಾಗದ ಎಣ್ಣೆ ಯಾವುದು? ಸೂರ್ಯಕಾಂತಿ. ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಫ್ರಿಜ್ಜಿನಲ್ಲಿಟ್ಟರೂ ಕುಲುಕಾಡುತ್ತಿರುತ್ತದೆ. ಯಮುನಮ್ಮ ಅತ್ತ ಹೋದಾಗ ಅಡುಗೆಮನೆಯ ಪ್ಯಾಕೆಟ್ಟಿನಿಂದ ಒಂದಷ್ಟು ಸೂರ್ಯಕಾಂತಿ ಎಣ್ಣೆಯನ್ನು, ಖಾಲಿಯಾಗಿದ್ದ ಕೆಮ್ಮಿನ ಔಷಧಿ ಬಾಟಲಿಗೆ ತುಂಬಿಸಿಕೊಂಡೆ. (ಇದನ್ನು ಮೋಸ ಅನ್ನಬೇಡಿ. ನಮ್ಮ ಕಚೇರಿಯ ಭಾಷೆಯಲ್ಲಿ ಇದಕ್ಕೆ ತಿದ್ದುಪಡಿ ಅನ್ನುತ್ತಾರೆ.)

ಬುಧವಾರ ರಜೆ ಹಾಕಿದೆ. "ಅಕ್ಕನ್ನ ನೋಡಿ ಭಾಳ ದಿನ ಆತು, ಸೊರಬಕ್ಕ ಹೋಗಿ ಬರ್ತೀನಿ" ಅಂದೆ. ಯಮುನಮ್ಮ ಯಾಕೆ, ಏನು, ಈಗ್ಯಾಕೆ ಅಂತ ಹತ್ತು ಪ್ರಶ್ನೆ ಕೇಳುತ್ತಾಳೆ ಅಂದುಕೊಂಡು ಹತ್ತು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವಳು ಮುಖ ಅರಳಿಸಿ, "ಹೋಗ್ಬನ್ನಿ ರೀ! ನಾನೇ ಹೇಳ್ಬೇಕು ಅಂತಿದ್ದೆ. ಅತ್ತಿಗೆ ಎಂತದೋ ಕೊಡ್ತಾರೆ, ಜೋಪಾನವಾಗಿ ತಗೊಂಬನ್ನಿ" ಅಂದಳು. ಹೆಂಡತಿ ಇಷ್ಟು ಸಲೀಸಾಗಿ ಹೊರಗೆ ಕಳಿಸಿದರೆ ಯಾವ ಗಂಡನಿಗೆ ನೆಮ್ಮದಿಯಿರುತ್ತದೆ? ಬಸ್ಸಿನಲ್ಲಿ ಶಿರಾಳಕೊಪ್ಪ ಬರುವವರೆಗೂ ಅದನ್ನೇ ಯೋಚಿಸಿದೆ.

ಸೊರಬದಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಬಾರ ತಮ್ಮಾ, ಬಾ. ಎಷ್ಟು ಸೊರಗೀಯೋ! ಯಮುನಾ ಊಟ ಹಾಕ್ತಾಳೋ ಇಲ್ವೋ?"

"ಹಾಕ್ತಾಳಕ್ಕ. ಭಾವ ಎಲ್ಲಿ?"

"ಜೋಳ ಮುರಿಸ್ತಾ ಇದಾರೆ ಹೊಲದಲ್ಲಿ. ಎಂತಾ, ಜೇಬು ಹಿಡ್ಕೊಂಡೇ ಕೂತಿದ್ದೀ?"

"ಕೆಮ್ಮು ಅಕ್ಕ. ಔಷಧಿ." ನಾನು ಎರಡು ಸಲ ಕೆಮ್ಮಿ ತೋರಿಸಿದೆ. ಅಕ್ಕನ ಮುಖ ಸಣ್ಣಗಾಯಿತು. "ಚಳಿ ಬರೋ ಮೊದ್ಲೇ ಕೆಮ್ಮು ಹತ್ತಿಸ್ಕೊಂಡಿದ್ದೀಯಲ್ಲೋ" ಅಂತ ಎದ್ದು ಹೋಗಿ ಶುಂಠಿ ಕಷಾಯಕ್ಕೆ ಇಟ್ಟಳು. ಆ ಕಾಳಜಿ ನೋಡಿ ನನ್ನ ಮನಸ್ಸು ಒಂದು ಗಳಿಗೆ ಕರಗಿದ್ದು ನಿಜ. ಆದರೆ ರೆಕಾರ್ಡ್ ರೂಮಿನ ಮನುಷ್ಯ ಅಷ್ಟು ಸುಲಭಕ್ಕೆ ಕರಗುತ್ತಾನೆಯೇ? ಕೈಕಾಲು ತೊಳೆದು ಬರುತ್ತೇನೆ ಅಂತ ಬಚ್ಚಲುಮನೆಗೆ ನುಗ್ಗಿ ಅಗಳಿ ಹಾಕಿಕೊಂಡೆ.

ಗೂಡಿನಲ್ಲಿ ಎರಡು ಬಾಟಲಿ. ಒಂದು ಹಳೆಯದು, ಜಿಡ್ಡು ಹಿಡಿದದ್ದು, ತಳದಲ್ಲಿ ನಾಲ್ಕು ಬೆರಳು ಎಣ್ಣೆ. ಇನ್ನೊಂದು ಸಣ್ಣದು, ಹೊಚ್ಚ ಹೊಸದು, ಕತ್ತಿನವರೆಗೂ ತುಂಬಿದೆ, ತಿಳಿನೀರಿನ ಹಾಗೆ ಹೊಳೆಯುತ್ತಿದೆ, ಕುತ್ತಿಗೆಗೆ ಒಂದು ಕೆಂಪು ದಾರ ಬೇರೆ ಕಟ್ಟಿದೆ. ಪಂದ್ಯದ ಬಾಟಲಿ ಯಾವುದು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮದುವಣಗಿತ್ತಿಯ ಹಾಗೆ ಸಿಂಗರಿಸಿ ಇಟ್ಟಿದ್ದಾಳಲ್ಲ! ನಾನು ಅದರ ಅರ್ಧ ಎಣ್ಣೆಯನ್ನು ಬಚ್ಚಲ ಕಿಂಡಿಗೆ ಸುರಿದೆ. ಎಂಥ ಘಮ! ಅಪ್ಪಟ ಗಾಣದ ಎಣ್ಣೆ. ಹೊಟ್ಟೆ ಉರಿಯಿತು, ಆದರೂ ಸುರಿದೆ. ಆ ಜಾಗಕ್ಕೆ ಸೂರ್ಯಕಾಂತಿ ತುಂಬಿಸಿ, ಚೆನ್ನಾಗಿ ಕುಲುಕಿ, ಮುಚ್ಚಳ ಬಿಗಿದು, ಒರೆಸಿ, ದಾರದ ಗಂಟು ಮೊದಲಿದ್ದ ಕಡೆಗೇ ತಿರುಗಿಸಿ ಇಟ್ಟೆ. ಒಂದೆರಡು ಚಮಚದಷ್ಟು ಎಣ್ಣೆ ಔಷಧಿ ಬಾಟಲಿಯಲ್ಲೇ ಉಳಿಯಿತು. ಜೇಬಿಗಿಳಿಸಿದೆ.

ಆಚೆ ಬಂದಾಗ ಅಕ್ಕ ಕಷಾಯದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮೂಗು ಅರಳಿಸಿ, "ಕೊಬ್ರಿ ಎಣ್ಣೆ ವಾಸನೆ ಬರ್ತದಲ್ಲ?" ಅಂದಳು.

"ತಲೆಗೆ ಒಂಚೂರು ಹಚ್ಚಿಕೊಂಡೆ ಅಕ್ಕ."

ಅವಳು ನನ್ನ ಬೋಳುತಲೆಯನ್ನು ಅನುಮಾನದಿಂದ ನೋಡಿ, ಲೋಟವನ್ನು ನನ್ನ ಕೈಗಿಟ್ಟಳು.

ಅಕ್ಕಿರೊಟ್ಟಿ, ಅವರೆಕಾಳಿನ ಸಾರು. ಹೊಟ್ಟೆ ಬಿರಿಯ ಉಂಡೆ. ಹೊರಡುವಾಗ ಅಕ್ಕ ಕೈಚೀಲದ ತುಂಬ ಅವರೆಕಾಯಿ ಹಾಕಿ, ಅದರ ನಡುವೆ ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೇಲೊಂದು ಬಟ್ಟೆ ಬಿಗಿದ ಏನೋ ಒಂದನ್ನು ಹೂತಿಟ್ಟಳು. "ಇದನ್ನ ಯಮುನಾ ಕೈಗೇ ಕೊಡಬೇಕು. ನೀ ಬಿಚ್ಚಿ ನೋಡಕೂಡ್ದು. ನನ್ನಾಣೆ." ಅಕ್ಕನ ಆಣೆ ಮೀರುವ ಧೈರ್ಯ ನನಗೆ ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಇಲ್ಲ. ಅದರ ಮೇಲೆ ಏಳು ಗಂಟು ಬೇರೆ ಹಾಕಿದ್ದಳು. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನಿಂದಲೇ ಸವರಿ ನೋಡಿದೆ. ಉಪ್ಪಿನಕಾಯಿ ಇರಬೇಕು ಅಂದುಕೊಂಡೆ. ನನಗೆ ರಕ್ತದೊತ್ತಡ, ಉಪ್ಪು ಕೊಡಬೇಡಿ ಅಂತ ಡಾಕ್ಟರು ಹೇಳಿದ್ದಾರೆ, ಅದಕ್ಕೇ ಇಷ್ಟು ಗುಟ್ಟು. ಯಮುನಮ್ಮ ಆ ಗಂಟನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದದ್ದನ್ನು ನೋಡಿದಾಗ ನನ್ನ ಊಹೆ ಗಟ್ಟಿಯಾಯಿತು. ಮನೆಗೆ ಬಂದವನೇ ಔಷಧಿ ಬಾಟಲಿಯನ್ನು ಮೊದಲಿದ್ದ ಕಪಾಟಿನಲ್ಲೇ ಇಟ್ಟು, ವಿಜಯಿಯ ಹಾಗೆ ಕಾಲು ಚಾಚಿದೆ.

ಶುಕ್ರವಾರ ಚಳಿ ಬಂದೇ ಬಂತು. ಅಂಥಿಂಥ ಚಳಿಯಲ್ಲ. ಬೆಳಿಗ್ಗೆ ನಲ್ಲಿ ನೀರು ಮುಟ್ಟಿದರೆ ಬೆರಳು ಸೆಡೆಯಿತು. ಎದುರುಮನೆಯ ಸದಾಶಿವಪ್ಪ ಮೇಷ್ಟ್ರು ಮಂಕಿ ಟೋಪಿಯ ಮೇಲೆ ಮಫ್ಲರ್ ಸುತ್ತಿಕೊಂಡು, ಬರೀ ಕನ್ನಡಕ ಮಾತ್ರ ಕಾಣುವ ಹಾಗೆ ಬೀದಿಯಲ್ಲಿ ನಿಂತು, "ಗುಡ್ಡಪ್ಪಾ, ಎಣ್ಣೆ ಗಟ್ಟಿಯಾಗಿದೆ ಕಣಯ್ಯ! ಚಮಚದಲ್ಲಿ ಕೆರೆದು ತೆಗೀಬೇಕಾಯ್ತು" ಅಂತ ಕೂಗಿದರು. ಬಚ್ಚಲುಮನೆಗೆ ಓಡಿದೆ. ಬಾಟಲಿ ತೆಗೆದೆ. ತಲೆಕೆಳಗೆ ಮಾಡಿದೆ.

ಬುಳುಬುಳು ಅಂತ ಇಳಿಯಿತು.

ಚಳಿ ಬಿದ್ದ ದಿನ ಎರಡೂ ಮನೆಯ ಬಾಟಲಿ ನೋಡಲು ಚಿಕ್ಕಪ್ಪನ ವಿಡಿಯೋ ಕರೆ ಬರುವುದು ಬೆಳಿಗ್ಗೆ ಏಳು ಗಂಟೆಗೆ. ಐದು ವರ್ಷದಿಂದ ಅದೇ ಸಮಯ. ಆರು ಐವತ್ತಾಗಿತ್ತು. ನಾನು ಬಾಟಲಿ ಹಿಡಿದುಕೊಂಡೇ ಅಡುಗೆಮನೆಗೆ ನುಗ್ಗಿ ಗುಡುಗಿದೆ. "ಸಂತೋಷ ಆತಲ್ಲ ನಿನಗ? ಏನು ಬೆರಿಸಿದೀ ಇದಕ? ಇಡೀ ಶಿಕಾರಿಪುರದಾಗ ಗಟ್ಟಿಯಾಗದ ಎಣ್ಣೆ ಅಂದ್ರ ನಂದು ಒಂದೇ! ತವರುಮನಿಗೆ ಕಂಬಳಿ ಹೊದಿಸಾಕ ಗಂಡನ್ನ ಚಳೀಗೆ ಹಾಕಿದೆಲ್ಲ!"

ಯಮುನಮ್ಮ ಸಿಟ್ಟಾಗಲಿಲ್ಲ. ನಕ್ಕಳು. ಸೆರಗಿಗೆ ಕೈ ಒರೆಸಿಕೊಂಡಳು.

"ನಿಮ್ಮ ಸಂತೆ ಎಣ್ಣೆ ಕಲಬೆರಕೆ ರೀ. ತಲೆಗೆ ಹಚ್ಚಿದ ದಿನವೇ ನಂಗೆ ಗೊತ್ತಾಯ್ತು. ಅನುಮಾನಕ್ಕೆ ಅಂತ ಭಾನುವಾರ ರಾತ್ರಿ ಫ್ರಿಜ್ಜಲ್ಲಿ ಇಟ್ಟು ನೋಡಿದೆ. ಬೆಳಗಾದ್ರೂ ಗಟ್ಟಿ ಆಗ್ಲಿಲ್ಲ. ಅದಕ್ಕೇ ಒದ್ದೆ ಆಗಿತ್ತು."

ನಾನು ಕೈಯಲ್ಲಿದ್ದ ಬಾಟಲಿಯನ್ನು ಮೂಸಿ ನೋಡಿದೆ.

"ಹೇಳಿದ್ರೆ ಮತ್ತೆ ಭಿಕ್ಷೆ ಬ್ಯಾಡ, ಗೆದ್ದು ತಗಂತೀನಿ ಅಂತ ಕುಣೀತೀರಿ. ಅದಕ್ಕೆ ಅತ್ತಿಗೆಗೆ ಫೋನ್ ಮಾಡಿದೆ. ಅವರು ಪಾಪ, ಐದು ವರ್ಷ ನಾನೇ ಹೊದ್ದಿದ್ದೀನಿ, ಈ ಸಲ ಅಪ್ಪನ ಕಂಬಳಿ ತಮ್ಮಂಗೆ ಸಿಗಲಿ, ಅವನಿಗೆ ಗೊತ್ತಾಗದ ಹಂಗೆ ಗೆಲ್ಲಿಸಬೇಕು ಅಂದ್ರು. ತಾವೇ ಮುಂದೆ ನಿಂತು ಗಾಣ ಆಡಿಸಿ ಅಪ್ಪಟ ಎಣ್ಣೆ ತೆಗೆಸಿಟ್ಟಿದ್ರು. ಈಗ ಅವರ ಬಾಟ್ಲಿ ಗಟ್ಟಿ ಆಗ್ಬಾರದು ಅಂತ ಬೆಳಗಿಂದ ಒಲೆ ಪಕ್ಕ ಇಟ್ಕೊಂಡು ಕೂತಿದಾರೆ ಗೊತ್ತಾ?"

ನಾನು ಬಾಟಲಿ ಕೆಳಗಿಟ್ಟೆ. "ಆ ಎಣ್ಣೆ... ಎಲ್ಲೈತಿ?"

"ನೀವೇ ಹೊತ್ತು ತಂದ್ರಲ್ಲ ಬುಧವಾರ! ರಾತ್ರಿ ಎಲ್ಲ ಹಿತ್ತಲ ಕಟ್ಟೆ ಮೇಲೆ ಚಳೀಲಿ ಇಟ್ಟಿದ್ದೆ. ಕಲ್ಲು ಕಲ್ಲಾಗಿರ್ತದೆ. ನಾನು ನೋಡೂ ಇಲ್ಲ, ನಿಮ್ಮ ಕೈಯಲ್ಲೇ ತಿರುಗಿಸಲಿ ಅಂತ." ಹಿತ್ತಲಿಗೆ ಹೋಗಿ, ಬಟ್ಟೆ ಬಿಚ್ಚಿ, ಪತ್ರಿಕೆ ಬಿಡಿಸಿ, ನನ್ನ ಮುಂದೆ ಹಿಡಿದಳು.

ಬಾಟಲಿಯ ಕುತ್ತಿಗೆಯಲ್ಲಿ ಕೆಂಪು ದಾರ.

ಭೂಮಿ ಬಾಯಿ ಬಿಡಬಾರದೇ ಅಂತ ಜನ ಅನ್ನುವುದನ್ನು ಕೇಳಿದ್ದೆ, ಅವತ್ತು ನಿಜವಾಗಿಯೂ ಹಾಗನ್ನಿಸಿತು. ಅಷ್ಟರಲ್ಲಿ ಮಾನಸ ಫೋನು ಹಿಡಿದು ಬಂದಳು. "ಅಪ್ಪಾ, ತೊಗರ್ಸಿ ಅಜ್ಜ! ಅತ್ತೇನೂ ಲೈನಲ್ಲಿದಾರೆ."

ಪರದೆಯ ಒಂದು ಮಗ್ಗುಲಲ್ಲಿ ಚಿಕ್ಕಪ್ಪನ ಗದ್ದ ಮತ್ತು ಅವರ ಮನೆಯ ಜಂತಿ. ಇನ್ನೊಂದು ಮಗ್ಗುಲಲ್ಲಿ ಅಕ್ಕ, ಒಲೆಯ ಬೆಳಕಿಗೆ ಮುಖ ಕೆಂಪಾಗಿದೆ.

"ಈಶ್ವರೀ, ನಿಂದು ತೋರ್ಸು" ಅಂದರು ಚಿಕ್ಕಪ್ಪ.

ಅಕ್ಕ ಬಾಟಲಿ ಬಗ್ಗಿಸಿದಳು. ಎಣ್ಣೆ ಸರಾಗವಾಗಿ ಹರಿಯಿತು. "ಈ ಸಲ ನಮ್ಮ ಕಡೆ ಚಳೀನೇ ಇಲ್ಲ ಚಿಕ್ಕಪ್ಪ" ಅಂದಳು, ಹಣೆಯ ಬೆವರು ಒರೆಸಿಕೊಳ್ಳುತ್ತ. ಅವಳ ಹಿಂದೆ ರಂಗಪ್ಪ ಭಾವ ಕಿವಿಗೆ ಟವೆಲ್ ಬಿಗಿದು ಗಡಗಡ ನಡುಗುತ್ತ ನಿಂತಿದ್ದರು.

"ಗುಡ್ಡಾ, ನಿಂದು?"

ಯಮುನಮ್ಮ ಹೆಮ್ಮೆಯಿಂದ ಬಾಟಲಿಯನ್ನು ನನ್ನ ಕೈಗಿಟ್ಟಳು. ಪರದೆಯೊಳಗಿಂದ ಅಕ್ಕ ಕಣ್ಣರಳಿಸಿ ನೋಡುತ್ತಿದ್ದಳು, ತಮ್ಮ ಶಾಲೆಯಲ್ಲಿ ಬಹುಮಾನ ತೆಗೆದುಕೊಳ್ಳುವುದನ್ನು ನೋಡುವ ಹಾಗೆ. ಮನಸ್ಸಿನಲ್ಲೇ ಬೀರಪ್ಪನಿಗೆ ಹರಕೆ ಹೊತ್ತು ಬಾಟಲಿಯನ್ನು ತಲೆಕೆಳಗೆ ಮಾಡಿದೆ.

ಒಳಗೆ ಸ್ವಲ್ಪ ಮೋಡ ಕವಿದಿತ್ತು, ಅಷ್ಟೆ. ಉಳಿದದ್ದೆಲ್ಲ ಬುಳುಬುಳು ಅಂತ ಇಳಿದು ಮುಚ್ಚಳಕ್ಕೆ ಬಂದು ಕೂತಿತು.

"ಅರೇ!" ಅಂದಳು ಯಮುನಮ್ಮ.

"ಅಯ್ಯೋ!" ಅಂದಳು ಅಕ್ಕ.

ಚಿಕ್ಕಪ್ಪ ಎಲೆಯಡಿಕೆ ಪೂರ್ತಿ ಅಗಿದು ಮುಗಿಸಿದರು. ಆಮೇಲೆ ಅವರು ಪಕ್ಕಕ್ಕೆ ಕೈ ಚಾಚಿ ತಮ್ಮದೇ ಒಂದು ಬಾಟಲಿ ತೆಗೆದು ಕ್ಯಾಮೆರಾದ ಮುಂದೆ ತಲೆಕೆಳಗೆ ಹಿಡಿದರು. ಒಳಗೆ ಬೆಳ್ಳಗೆ ಕಲ್ಲಿನ ಹಾಗೆ ಕೂತಿದ್ದ ಎಣ್ಣೆ ಅಲ್ಲಾಡಲೂ ಇಲ್ಲ.

"ಶಿಕಾರಿಪುರದಾಗ ಚಳಿ ಇಲ್ಲ. ಸೊರಬದಾಗ ಚಳಿ ಇಲ್ಲ. ತೊಗರ್ಸಿಯಾಗ ಬಿದ್ದತಿ. ಈ ವರ್ಷ ಕಂಬಳಿ ನಂದು."

"ಚಿಕ್ಕಪ್ಪ, ನೀವು ನ್ಯಾಯ ಹೇಳೋರು! ನಿಮಗ ಹೆಂಗ ಬರ್ತತಿ?" ಅಂತ ನಾನು ಕೂಗಿದೆ.

"ಕಾಗದ ನೀನಾ ಬರ್ದಿದ್ದಲ್ಲೋ, ರೆಕಾರ್ಡ್ ರೂಮು. ಓದು."

ಟ್ರಂಕಿನಿಂದ ನನ್ನ ಪ್ರತಿ ತೆಗೆದು ಓದಿದೆ. ನನ್ನದೇ ದುಂಡು ಅಕ್ಷರ. "ಯಾರ ಮನೆಯಲ್ಲಿ ಮೊದಲು ಎಣ್ಣೆ ಗಟ್ಟಿಯಾಗುವುದೋ ಸದರಿ ಮನೆಯವರಿಗೆ ಸದರಿ ವರ್ಷದ ಕಂಬಳಿ ಸಲ್ಲತಕ್ಕದ್ದು." ನನ್ನ ಹೆಸರಿಲ್ಲ. ಅಕ್ಕನ ಹೆಸರಿಲ್ಲ. ಊರಿನವರ ಪತ್ರಗಳಲ್ಲಿ ಇಪ್ಪತ್ತಾರು ವರ್ಷ ತಪ್ಪು ಹುಡುಕಿದವನು ನಾನು. ಚಿಕ್ಕಪ್ಪ ಆಗಲೇ ಫೋನನ್ನು ಸ್ವಲ್ಪ ಹಿಂದಕ್ಕಿಟ್ಟಿದ್ದರು. ಅಪ್ಪನ ಕರಿ ಕಂಬಳಿಯನ್ನು ಕುತ್ತಿಗೆಯವರೆಗೆ ಹೊದ್ದು ಕೂತಿದ್ದರು. ಕರೆ ಮಾಡುವ ಮೊದಲೇ ಹೊದ್ದಿದ್ದರು ಅಂತ ನನ್ನ ಬಲವಾದ ಅನುಮಾನ.

ಅವರು ಕರೆ ಮುಗಿಸಿದರು. ಅಕ್ಕ ಮಾತ್ರ ಇನ್ನೂ ಪರದೆಯಲ್ಲಿದ್ದಳು. ಕಣ್ಣು ತುಂಬಿಕೊಂಡಿತ್ತು.

"ನನ್ನ ಮುಂದೆ ತೆಗೆಸಿದ ಎಣ್ಣೆ ಕಣೋ ತಮ್ಮಾ. ಯಾಕೆ ಹಿಂಗಾಯ್ತೋ ಗೊತ್ತಾಗ್ತಿಲ್ಲ. ಈ ಸಲ ಅಪ್ಪನ ಕಂಬಳಿ ನೀ ಹೊದ್ಕೊಂಡು ಬೆಚ್ಚಗಿರಬೇಕು ಅಂತ ಭಾಳ ಆಸೆ ಇತ್ತು. ಕೆಮ್ಮು ಬೇರೆ ನಿಂಗೆ."

ಆ ಕ್ಷಣ ನಿಜ ಹೇಳಿಬಿಡಬೇಕು ಅಂತ ನಾಲಿಗೆಯ ತುದಿಗೆ ಬಂತು. ಆದರೆ ಮಾತಿನ ಬದಲು ಕೆಮ್ಮು ಬಂತು. ಒಂದಲ್ಲ, ಆರು ಕೆಮ್ಮು. ಈ ಸಲ ನಟನೆಯಲ್ಲ.

"ನೋಡು ಯಮುನಾ, ಅವನಿಗೆ ಮೊದ್ಲು ಔಷಧಿ ಕೊಡು" ಅಂತ ಹೇಳಿ ಅಕ್ಕ ಫೋನಿಟ್ಟಳು.

ಯಮುನಮ್ಮ ಕೆಂಪು ದಾರದ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಒಂದು ಹನಿ ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟುಕೊಂಡಳು. ನನ್ನನ್ನು ನೋಡಿದಳು. ಎದ್ದು ಕಪಾಟಿನ ಹತ್ತಿರ ಹೋಗಿ ಕೆಮ್ಮಿನ ಔಷಧಿ ಬಾಟಲಿ ತೆಗೆದಳು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅದರ ಹೊರಮೈಯನ್ನು ಹೆಬ್ಬೆರಳಿನಿಂದ ಉಜ್ಜಿ, ಆ ಬೆರಳನ್ನೂ ಮೂಸಿದಳು.

"ಇದು ಹೋದ ತಿಂಗಳೇ ಖಾಲಿ ಆಗಿತ್ತಲ್ಲ ರೀ?"

"ಸ್ವಲ್ಪ... ಉಳಿದಿತ್ತು."

"ಹೌದಾ? ಒಳ್ಳೇದಾಯ್ತು. ಬಾಯಿ ತೆಗೀರಿ."

ದೊಡ್ಡ ಚಮಚ. ಸಾರು ಬಡಿಸುವ ಚಮಚ ಅಂದರೂ ನಡೆಯುತ್ತದೆ. ತುಂಬ ಸುರಿದಳು. ಬೇಡ ಅಂದರೆ ಯಾಕೆ ಬೇಡ ಅನ್ನಬೇಕು, ಯಾಕೆ ಅಂತ ಹೇಳಿದರೆ ಎಲ್ಲ ಹೇಳಬೇಕು. ಕಣ್ಣು ಮುಚ್ಚಿ ನುಂಗಿದೆ. ಹಸಿ ಸೂರ್ಯಕಾಂತಿ ಎಣ್ಣೆ ಗಂಟಲಿನಲ್ಲಿ ನಿಧಾನಕ್ಕೆ ಇಳಿಯಿತು.

"ಹೆಂಗಿದೆ?"

"ಖಾರ ಐತಿ."

"ಹಂಗಾದ್ರೆ ಕೆಲ್ಸ ಮಾಡ್ತದೆ. ಚಳಿ ಮುಗಿಯೋ ತನಕ ಮೂರು ಹೊತ್ತೂ ಕುಡಿಯಿರಿ. ಖಾಲಿ ಆದ್ರೆ ಚಿಂತೆ ಬೇಡ, ತುಂಬಿಸಿ ಇಡ್ತೀನಿ."

ಇವತ್ತಿಗೆ ಒಂಬತ್ತು ದಿನ ಆಯಿತು. ತೆಳು ಚಾದರದ ಕೆಳಗೆ ನಡುಗುತ್ತ ದಿನಕ್ಕೆ ಮೂರು ಚಮಚ ಕುಡಿಯುತ್ತಿದ್ದೇನೆ. ಬಾಟಲಿ ಮಾತ್ರ ಬರಿದಾಗುತ್ತಲೇ ಇಲ್ಲ. ಯಮುನಮ್ಮನಿಗೆ ಎಲ್ಲ ಗೊತ್ತಿದೆಯೋ, ಅಥವಾ ಏನೂ ಗೊತ್ತಿಲ್ಲವೋ, ನನಗೆ ಅದೇ ಅನುಮಾನ. ಕೇಳೋಣವೆಂದರೆ, ಕೇಳಲು ಬಾಯಿ ತೆಗೆದ ಕೂಡಲೇ ಅವಳು ಚಮಚ ತರುತ್ತಾಳೆ.